ಸೋಮವಾರ ರಜೆ ಇರುವ ಮನೆ

ಗೈಡ್ ಕಸುಬಿನಲ್ಲಿ ಬಾಯಿಬಿಟ್ಟು ಆಡಬಾರದ ಮಾತು ಒಂದೇ: 'ಮುಚ್ಚಿದೆ'. ಗೋಪುರ ಕುಸಿದು ಬಿದ್ದಿದೆ ಎಂದು ಬೇಕಾದರೆ ಹೇಳಬಹುದು, ಕುಸಿದ ಗೋಪುರಕ್ಕೂ ಒಂದು ಕಥೆ ಇರುತ್ತದೆ. ಮುಚ್ಚಿದ ಬಾಗಿಲಿಗೆ ಕಥೆ ಇಲ್ಲ. ಅದರ ಮುಂದೆ ನಿಂತ ಪ್ರವಾಸಿ ಮೊದಲು ಕೈಗಡಿಯಾರ ನೋಡುತ್ತಾನೆ, ಆಮೇಲೆ ಗೈಡ್‌ನ ಮುಖ ನೋಡುತ್ತಾನೆ, ಅದಾದ ಮೇಲೆ ಆ ಊರಿನಲ್ಲಿ ಅವನು ಮತ್ತೇನನ್ನೂ ನೋಡುವುದಿಲ್ಲ. ಒಂದು ಕಾರಿಟ್ಟುಕೊಂಡು ಖಾಸಗಿ ಪ್ರವಾಸ ಮಾಡಿಸುತ್ತಿದ್ದ ನಮ್ಮ ಗೈಡ್ ಆ ಮಾತನ್ನು ಜನ್ಮದಲ್ಲಿ ಆಡಿರಲಿಲ್ಲ. ಕಾರು ಓಡಿಸುತ್ತಿದ್ದವನು ಅವನ ಹೆಂಡತಿಯ ತಮ್ಮ. ಭಾವನ ಈ ವ್ರತ ಯಾವತ್ತು ಮುರಿಯುತ್ತದೋ ನೋಡೋಣ ಎಂದು ಅವನು ಕನ್ನಡಿಯಲ್ಲಿ ಒಂದು ಕಣ್ಣಿಟ್ಟೇ ಕಾರು ಓಡಿಸುತ್ತಿದ್ದ.

ಆ ಗುರುವಾರ ಮುರಿಯುವ ಲಕ್ಷಣ ಕಂಡಿತು. ಊರಿಗೆ ಊರೇ ಮುಚ್ಚಿತ್ತು. ಭಾನುವಾರ ಯಾರೋ ದೊಡ್ಡ ಮನುಷ್ಯರು ಊರು ನೋಡಲು ಬರುವವರಿದ್ದರು. ಅವರು ನೋಡುವುದಕ್ಕಿಂತ ಮೊದಲು ಬೇರೆಯವರು ನೋಡಿದರೆ ಊರು ಹಳತಾಗಿಬಿಡುತ್ತದೆ ಎಂದು ಯಾರಿಗೋ ಅನಿಸಿ, ನೋಡುವಂಥದ್ದನ್ನೆಲ್ಲ ಮುಚ್ಚಿಸಿದ್ದರು.

ಪ್ರವಾಸಿ ಒಬ್ಬರೇ ಬಂದಿದ್ದರು. ಕೈಯಲ್ಲಿ ಉದ್ದನೆಯ ಕೊಡೆ, ಜೇಬಿನಲ್ಲಿ ಅಳತೆಯ ಟೇಪು, ಗೋಡೆ ಕಂಡಲ್ಲೆಲ್ಲ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವ ಅಭ್ಯಾಸ. ಕಾರು ಹತ್ತುವ ಮೊದಲು ಅದರ ಬಾಗಿಲನ್ನೂ ತಟ್ಟಿ ನೋಡಿದರು. ಭಾವಮೈದ ಅವರಿಗೆ 'ಕೊಡೆ ಸಾಹೇಬರು' ಎಂದು ಅಲ್ಲೇ ಹೆಸರಿಟ್ಟ.

ಗಡಿಯಾರ ಗೋಪುರಕ್ಕೆ ನೆತ್ತಿಯಿಂದ ಬುಡದವರೆಗೆ ಹಸಿರು ಬಟ್ಟೆ ಸುತ್ತಿದ್ದರು. ಗೈಡ್ ಗಂಟಲು ಸರಿಮಾಡಿಕೊಂಡ. "ಸರ್, ನಿಮ್ಮ ಅದೃಷ್ಟ. ಗೋಪುರಕ್ಕೆ ಬಟ್ಟೆ ಉಡಿಸೋದು ಅಪರೂಪ. ಬಿಚ್ಚಿರೋದನ್ನ ಎಲ್ಲರೂ ನೋಡಿರ್ತಾರೆ. ಉಟ್ಟಿರೋದನ್ನ ನೋಡಿದವರು ಕಮ್ಮಿ." ಸಾಹೇಬರು ಬಟ್ಟೆಯ ಮಡಿಕೆಗಳನ್ನು ಕೊಡೆಯ ತುದಿಯಿಂದ ಮುಟ್ಟಿ, "ಒಳ್ಳೆ ಮೈಕಟ್ಟು," ಎಂದರು.

ಅರಮನೆಯ ಗೇಟಿನಲ್ಲಿ ಪೊಲೀಸರು ಸಾಲಾಗಿ ನಿಂತಿದ್ದರು. ಭಾವಮೈದ ಹೇಳಿಸಿಕೊಳ್ಳದೆಯೇ ಕಾರನ್ನು ಹಿಂದಿನ ರಸ್ತೆಗೆ ತಿರುಗಿಸಿ ನಗರಸಭೆಯ ನೀರಿನ ಟ್ಯಾಂಕಿನ ಮುಂದೆ ನಿಲ್ಲಿಸಿದ. "ನೀರಿನ ಅರಮನೆ, ಸರ್," ಎಂದ ಗೈಡ್. ಸಾಹೇಬರು ಟ್ಯಾಂಕಿನ ಕಂಬವನ್ನು ತಬ್ಬಿ ಸುತ್ತಳತೆ ತೆಗೆದರು, ತಟ್ಟಿದರು, ಕಿವಿಗೊಟ್ಟರು.

"ಮೇಲೆ ತುಂಬಿದೆ."

"ಇತಿಹಾಸ, ಸರ್."

ಉದ್ಯಾನದಲ್ಲಿ ಇನ್ನೂ ವಿಚಿತ್ರ. ಕಂಬಿಯಾಚೆ ಮಾಲಿಯೊಬ್ಬ ಗುಲಾಬಿ ಗಿಡಗಳಿಗೆ ಬೆನ್ನು ತಿರುಗಿಸಿ ನಿಂತು, ಕೊಳವೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಿಡಿದು ಅಂದಾಜಿನ ಮೇಲೆ ನೀರು ಬಿಡುತ್ತಿದ್ದ. "ಭಾನುವಾರದ ತನಕ ಹೂವು ನೋಡೋ ಹಾಗಿಲ್ಲ ಸ್ವಾಮಿ," ಎಂದ. "ನಾನೂ ನೋಡ್ತಿಲ್ಲ. ಬೆಳಗ್ಗೆ ಒಂದು ಅರಳಿದ ವಾಸನೆ ಬಂತು, ತಿರುಗಲಿಲ್ಲ."

ಗೈಡ್ ಸಾಹೇಬರನ್ನು ಕೂಡಲೇ ನಾಲ್ಕು ರಸ್ತೆ ಕೂಡುವ ವೃತ್ತಕ್ಕೆ ಕರೆದೊಯ್ದ. ನಡುವಿನ ಕಟ್ಟೆಯ ಮೇಲೆ ಧೂಳು ಹಿಡಿದ ಕ್ರೋಟನ್ ಗಿಡಗಳಿದ್ದವು. "ಮೂಲ ಉದ್ಯಾನ ಇದು ಸರ್. ಅದು ಇದರ ದೊಡ್ಡ ನಕಲು." ಇಬ್ಬರೂ ಗಿಡಗಳ ನಡುವೆ ಮೊಣಕೈ ತಾಗಿಸಿಕೊಂಡು ನಿಂತರು. ಬಸ್ಸುಗಳು ಹಾರ್ನ್ ಹೊಡೆಯುತ್ತ ಸುತ್ತು ಹಾಕುತ್ತಿದ್ದವು.

"ಸುತ್ತ ಇಷ್ಟೊಂದು ವಾಹನ ಯಾಕೆ?"

"ಕಾವಲಿಗೆ, ಸರ್."

ಸಾಹೇಬರು ತಲೆಯಾಡಿಸಿದರು. ಆಮೇಲೆ ಮುಖ ಕಿವುಚಿಕೊಂಡು ಗೈಡ್‌ನ ಕಿವಿಯಲ್ಲಿ ಏನೋ ಹೇಳಿದರು. ಅದು ಪ್ರಕೃತಿಯ ಕರೆ, ಕಾಯುವಂಥದ್ದಲ್ಲ. ಸಾರ್ವಜನಿಕ ಶೌಚಾಲಯಗಳಿಗೂ ದೊಡ್ಡ ಮನುಷ್ಯರ ಹೆಸರಿನಲ್ಲಿ ಬೀಗ ಬಿದ್ದಿತ್ತು. ಹತ್ತಿರದಲ್ಲಿದ್ದದ್ದು ಗೈಡ್‌ನ ಸ್ವಂತ ಮನೆ. ಪ್ರವಾಸಿಯನ್ನು ಮನೆಗೆ ಕರೆದೊಯ್ಯುವುದು ಕಸುಬಿಗೆ ಕಳಂಕ, ಹಾಗಂತ ಬಿಟ್ಟರೆ ಕಾರಿಗೆ ಕಳಂಕ. "ಸರ್, ಇಲ್ಲೇ ಒಂದು ಪುರಾತನ ನಿವಾಸ ಇದೆ," ಎಂದ ಗೈಡ್. "ಅಕ್ಕ ನಿಮ್ಮನ್ನ ಸುಮ್ಮನೆ ಬಿಡಲ್ಲ ಭಾವ," ಎಂದು ಭಾವಮೈದ ಹಲ್ಲುಕಚ್ಚಿ ನಗು ತಡೆದ.

ಸಾಲು ಮನೆಗಳಲ್ಲಿ ಒಂದು ಮನೆ ಅದು. ಮುಂದೆ ಹಜಾರ, ಹಿಂದೆ ಅಡುಗೆಮನೆ, ನಡುವೆ ಒಂದು ಗೋಡೆ. ಆ ಗೋಡೆಯ ದೆಸೆಯಿಂದ ಅಡುಗೆಮನೆಗೆ ಹಗಲೆಂಬುದೇ ಇರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಗೈಡ್‌ನ ಹೆಂಡತಿ ಮಟಮಟ ಮಧ್ಯಾಹ್ನದಲ್ಲೂ ಬಲ್ಬು ಹಾಕಿಕೊಂಡು ಅಡುಗೆ ಮಾಡಿದ್ದಳು, ಕರೆಂಟು ಹೋದಾಗ ಉಪ್ಪನ್ನು ಸಕ್ಕರೆಯಿಂದ ಬೆರಳಲ್ಲೇ ಬೇರೆ ಮಾಡಿದ್ದಳು. ಗೋಡೆ ಒಡೆಸಿ ಎಂದರೆ ಗೈಡ್ ಹೂಂ ಎನ್ನುತ್ತಿದ್ದ, ಅವನ ಅಪ್ಪ ಊಹೂಂ ಎನ್ನುತ್ತಿದ್ದರು. ಹೂಂಗೂ ಊಹೂಂಗೂ ನಡುವೆ ಗೋಡೆ ಹಾಯಾಗಿ ನಿಂತಿತ್ತು. ಕೊನೆಗೆ ಅವಳೇ ಮೇಸ್ತ್ರಿಯ ಬೆನ್ನು ಬಿದ್ದು ದಿನ ಗೊತ್ತು ಮಾಡಿದ್ದಳು: ಬರುವ ಸೋಮವಾರ. ಮೇಸ್ತ್ರಿ ತಪ್ಪು ಗೋಡೆ ಒಡೆದಾನೆಂದು ಒಡೆಯಬೇಕಾದ ಗೋಡೆಯ ಮೇಲೆ ಆಳೆತ್ತರದ ಕತ್ತರಿ ಗುರುತನ್ನು ಸೀಮೆಸುಣ್ಣದಲ್ಲಿ ಬರೆದೂ ಇಟ್ಟಿದ್ದಳು.

ನಿರಾಳವಾಗಿ ಹೊರಬಂದ ಸಾಹೇಬರ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಈ ಗುರುತು?"

ನಿಜ ಹೇಳಬಹುದಿತ್ತು. ಆದರೆ ಬೆಳಗಿನಿಂದ ಓಡುತ್ತಿದ್ದ ನಾಲಿಗೆ ಬ್ರೇಕು ಹಾಕಿದ ಮೇಲೂ ಸ್ವಲ್ಪ ದೂರ ಹೋಗುತ್ತದೆ. "ಪ್ರಾಚೀನ ಚಿಹ್ನೆ, ಸರ್. ಅರ್ಥ ಇನ್ನೂ ಯಾರಿಗೂ ಗೊತ್ತಾಗಿಲ್ಲ."

ಸಾಹೇಬರು ಗೋಡೆ ತಟ್ಟಿದರು. ಉಸಿರು ಬಿಗಿಹಿಡಿದು ಇನ್ನೊಮ್ಮೆ ತಟ್ಟಿದರು. ಗೋಡೆಗೆ ಒತ್ತಿಕೊಂಡಿದ್ದ ಕುರ್ಚಿಯಲ್ಲಿ, ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಗೈಡ್‌ನ ಅಪ್ಪ ನಿದ್ದೆ ಹೋಗಿದ್ದರು.

"ಇವರು?"

"ಈ ನಿವಾಸ ಕಾಯೋ ವಂಶದ ಕೊನೆ ಕುಡಿ, ಸರ್," ಎಂದ, ಮಗನೇ ಪಕ್ಕದಲ್ಲಿ ನಿಂತು.

ಮಾತು ಕೇಳಿ ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಹೊರಬಂದಳು. ಗೈಡ್ ಕಣ್ಣಲ್ಲೇ ಕಾಲಿಗೆ ಬಿದ್ದ. "ಇಲ್ಲಿನ ಉಸ್ತುವಾರಿಯೆಲ್ಲ ಇವರದೇ, ಸರ್." ಆ ದಿನ ಅವನು ಆಡಿದ ಒಂದೇ ನಿಜ ಅದು.

ಕೊಡೆ ಸಾಹೇಬರು ಅವನ ಎರಡೂ ಕೈ ಹಿಡಿದುಕೊಂಡರು. ತಾವು ಹಳೆಯ ಕಟ್ಟಡಗಳ ಇಲಾಖೆಗೆ ಮುಖ್ಯಸ್ಥರಾಗಿ ವರ್ಗವಾಗಿ ಬಂದಿರುವುದಾಗಿಯೂ, ಅಧಿಕಾರ ವಹಿಸಿಕೊಳ್ಳುವ ಮೊದಲು ಸಾಮಾನ್ಯ ಪ್ರವಾಸಿಯಂತೆ ಊರು ನೋಡುವುದು ತಮ್ಮ ಪದ್ಧತಿಯೆಂದೂ ಹೇಳಿದರು. "ಎಷ್ಟೋ ಊರು ನೋಡಿದೀನಿ. ಎಲ್ಲ ಕಡೆ ಅದೇ ಗೋಪುರ, ಅದೇ ಅರಮನೆ. ಇಂಥ ಗೋಡೆ ಎಲ್ಲೂ ನೋಡಿಲ್ಲ. ಇದನ್ನ ಕಾಪಾಡೋದು ಇನ್ನು ನನ್ನ ಹೊಣೆ."

ಅವರು ಮಾತಿಗೆ ತಪ್ಪದ ಮನುಷ್ಯರು. ಶನಿವಾರ ಬೆಳಗ್ಗೆ ಬೋರ್ಡ್ ಬಂತು. 'ಸಂರಕ್ಷಿತ ಸ್ಮಾರಕ. ಗೋಡೆಗೆ ಮೊಳೆ ಹೊಡೆಯುವುದು ಶಿಕ್ಷಾರ್ಹ ಅಪರಾಧ.' ಸ್ಮಾರಕದ ಅತ್ಯಂತ ಹಳೆಯ ಭಾಗದ ಮೇಲೆ ಬೋರ್ಡ್ ಇರಬೇಕೆಂಬುದು ನಿಯಮವಾದ್ದರಿಂದ ಅದನ್ನು ಕತ್ತರಿ ಗುರುತಿನ ನಟ್ಟನಡುವೆ ದಪ್ಪ ಮೊಳೆಗಳಿಂದ ಹೊಡೆದರು. ಬೋರ್ಡಿನ ಜೊತೆ ಸೀಟಿ ಕಟ್ಟಿಕೊಂಡ ಒಬ್ಬ ಕಾವಲುಗಾರನೂ ಬಂದ. ಬೋರ್ಡ್ ಇರುವಷ್ಟು ದಿನ ಅವನ ಕೆಲಸ. ಹೆಂಡತಿ ಪಾತ್ರೆ ಜಾಗ ಬದಲಿಸಿದರೆ ಸೀಟಿ. ಪರದೆ ಸರಿಸಿದರೆ ಸೀಟಿ. ಗೈಡ್ ರಾತ್ರಿ ಗೊರಕೆ ಹೊಡೆದಾಗಲೂ ಸೀಟಿ. ಕಂಪನದಿಂದ ಗಾರೆ ಸಡಿಲವಾಗುತ್ತದಂತೆ. ಗೈಡ್‌ನ ಅಪ್ಪನ ಕುರ್ಚಿಯ ಸುತ್ತ ಕೆಂಪು ಹಗ್ಗ ಕಟ್ಟಿದ್ದರು, ಅದನ್ನು ಅಲುಗಿಸುವ ಹಾಗಿರಲಿಲ್ಲ. ಅವರೊಬ್ಬರಿಗೆ ಮಾತ್ರ ಇದು ಪರಮ ಸುಖ.

"ಮಾವ, ಸ್ವಲ್ಪ ಹಾಲು ತಂದುಕೊಡ್ತೀರಾ?"

"ನಾನು ಸ್ಮಾರಕ ಕಣಮ್ಮ. ಅಲುಗಾಡೋ ಹಾಗಿಲ್ಲ."

ಭಾನುವಾರ ದೊಡ್ಡ ಮನುಷ್ಯರು ಬರಲಿಲ್ಲ. ಸೋಮವಾರ ಮೇಸ್ತ್ರಿ ಬಂದ.

ಅವನು ಸುತ್ತಿಗೆ ಹೆಗಲಿಗೇರಿಸಿಕೊಂಡು ಬಂದಾಗ ಗೈಡ್, ಹೆಂಡತಿ, ಭಾವಮೈದ ಮೂವರೂ ಎದುರಿನ ಜಗಲಿಯಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು ಕೂತಿದ್ದರು. ಬೆಳಕು ಹರಿಯುತ್ತಿದ್ದಂತೆ ಕಾವಲುಗಾರ ಅವರನ್ನು ಹೊರಗೆ ಕಳಿಸಿ ಬಾಗಿಲಿಗೆ ಅಡ್ಡ ನಿಂತಿದ್ದ. ಗೈಡ್ ತನ್ನ ಚಪ್ಪಲಿಯಾದರೂ ತೆಗೆದುಕೊಳ್ಳುತ್ತೇನೆ ಎಂದು ಹೋದರೆ ಅವನು ಮುಖ ನೋಡದೆ ಹೇಳಿದ: "ಮುಚ್ಚಿದೆ. ಸೋಮವಾರ ರಜೆ."

ಭಾವಮೈದ ಬಿದ್ದು ಬಿದ್ದು ನಕ್ಕ. ಅಕ್ಕ ತಿರುಗಿ ನೋಡಿದ ಮೇಲೆ ನಿಲ್ಲಿಸಿದ.

"ಇವತ್ತು ಬಿಟ್ಟರೆ ನಾನು ಮತ್ತೆ ಸಿಗೋದು ಮುಂದಿನ ವರ್ಷ ಅಕ್ಕಾ," ಎಂದ ಮೇಸ್ತ್ರಿ. "ಕೈತುಂಬ ಕೆಲಸ ಇದೆ. ಮಧ್ಯಾಹ್ನದವರೆಗೆ ಕಾಯ್ತೀನಿ, ಅಷ್ಟೇ."

ಹೆಂಡತಿ ಗೈಡ್‌ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. "ರೀ, ಊರಿಗೆಲ್ಲ ಬೆಳಕು ತೋರಿಸ್ತೀರಿ. ನನಗೆ ಒಂದು ಒಲೆ ಮೇಲೆ ತೋರಿಸೋಕಾಗ್ಲಿಲ್ಲ." ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನು ಸುತ್ತಿಟ್ಟಿದ್ದ ಹಾಸಿಗೆಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

ಅಷ್ಟರಲ್ಲಿ ತಮ್ಮ ಹೊಸ ಸ್ಮಾರಕ ಹೇಗಿದೆಯೆಂದು ನೋಡಲು ಕೊಡೆ ಸಾಹೇಬರು ಬಂದರು. ಗೈಡ್ ಎದ್ದು ಓಡಿದ. "ಸರ್, ತಪ್ಪಾಯ್ತು. ಇದು ನಮ್ಮ ಮನೆ. ಅವರು ನಮ್ಮಪ್ಪ. ಆ ಗುರುತು ಸೀಮೆಸುಣ್ಣದ್ದು. ನಾನು ಹೇಳಿದ್ದೆಲ್ಲ ಸುಳ್ಳು."

ಸಾಹೇಬರು ಅವನ ಭುಜ ತಟ್ಟಿದರು, ಗೋಡೆ ತಟ್ಟುವ ಹಾಗೆ. "ನನ್ನ ಸರ್ವೀಸಿನಲ್ಲಿ ಯಾವ ಸ್ಮಾರಕಕ್ಕೆ ಬೋರ್ಡ್ ಹಾಕಿದರೂ ಮರುದಿನ ಯಾರಾದರೂ ಬಂದು ನಮ್ಮ ಮನೆ ಅಂತಾರೆ. ಆಸೆ ಸಹಜ. ನಿಮ್ಮಂಥ ತಿಳಿದವರೂ ಹಾಗಂದ್ರೆ ಹೇಗೆ?"

ಗೈಡ್ ಇನ್ನೇನೋ ಹೇಳಲು ಬಾಯಿ ತೆರೆದ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನೀವು ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಸರ್, ನಿಮಗೆ ಅವರು ಪೂರ್ತಿ ತೋರಿಸಿಲ್ಲ. ಉಸ್ತುವಾರಿ ನಂದಲ್ವಾ, ನಾನು ತೋರಿಸ್ತೀನಿ ಬನ್ನಿ."

ಮುಖ್ಯಸ್ಥರಿಗೆ ರಜೆಯ ದಿನವೂ ಬಾಗಿಲು ತೆರೆಯುತ್ತದೆ. ಎಲ್ಲರೂ ಅವರ ಹಿಂದೆ ನುಗ್ಗಿದರು, ಮೇಸ್ತ್ರಿಯೂ. ಹಜಾರದ ನಡುವೆ ನಿಂತು ಅವಳು ಒಂದು ಅಂಗೈಯನ್ನು ಮೇಲೆತ್ತಿದಳು. ಗಂಡ ಮನೆಯಲ್ಲಿ ಅಭ್ಯಾಸ ಮಾಡುವಾಗ ಪಾತ್ರೆ ತೊಳೆಯುತ್ತ ವರ್ಷಗಟ್ಟಲೆ ಕೇಳಿಸಿಕೊಂಡ ದನಿ ಅವಳ ಬಾಯಲ್ಲಿ ಹಾಗ್ಹಾಗೇ ಬಂತು.

"ದಯವಿಟ್ಟು ಎಲ್ಲರೂ ಹತ್ತಿರ ಬನ್ನಿ. ನಿಮ್ಮ ಬಲಗಡೆ ಕಿಟಕಿ. ಕಟ್ಟಿದವರು ಅದನ್ನ ಪೂರ್ವಕ್ಕೇ ಯಾಕೆ ಇಟ್ಟರು? ಬೆಳಗಿನ ಬಿಸಿಲು ನೇರ ಒಲೆ ಮೇಲೆ ಬೀಳಲಿ ಅಂತ. ಈಗ ಎಲ್ಲಿ ಬೀಳ್ತಿದೆ ನೋಡಿ."

ಬಿಸಿಲು ಬೋರ್ಡಿನ ಮೇಲೆ ಬಿದ್ದಿತ್ತು.

"ಈಗ ಕೆಳಗೆ ನೋಡಿ. ಹೂವಿನ ಟೈಲು. ಈ ಕಡೆ ಅರ್ಧ ಹೂವು. ಉಳಿದರ್ಧ ಅಡುಗೆಮನೆಯಲ್ಲಿದೆ, ದಿನಾ ನಾನೇ ಒರೆಸ್ತೀನಿ. ಗೋಡೆ ಹೂವಿನ ಮೇಲೆ ಕೂತಿದೆ ಸರ್. ಕಟ್ಟಿದವರು ಹೂವು ಹಾಕಿ ಆಮೇಲೆ ಅದರ ಮೇಲೆ ಗೋಡೆ ಎಬ್ಬಿಸ್ತಾರಾ?"

ಸಾಹೇಬರು ಮಂಡಿಯೂರಿದರು. ಗೈಡ್ ಕೂಡ ಬಗ್ಗಿ ನೋಡಿದ. ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದವನು ಆ ಹೂವನ್ನು ಕಂಡಿದ್ದು ಅದೇ ಮೊದಲು.

"ಅಂದ್ರೆ..."

"ಅಂದ್ರೆ ಮೂಲದಲ್ಲಿ ಗೋಡೆ ಇರಲಿಲ್ಲ," ಎಂದಳು ಅವಳು. "ಆಮೇಲೆ ಯಾರೋ ಕೈಲಾಗದವರು ಕಟ್ಟಿದಾರೆ. ನೆಟ್ಟಗೂ ಇಲ್ಲ ನೋಡಿ, ಸೊಟ್ಟ."

ಕೆಂಪು ಹಗ್ಗದೊಳಗೆ ರೇಡಿಯೋ ಅಲುಗಿತು. ಎರಡು ದಿನದಿಂದ ಅಲುಗದಿದ್ದ ಮಾವನವರು ಎದ್ದು ನಿಂತಿದ್ದರು. "ಯಾರಿಗೆ ಕೈಲಾಗಲ್ಲ? ನಾನೇ ಕಣಮ್ಮ ಕಟ್ಟಿದ್ದು! ಒಂದೊಂದು ಇಟ್ಟಿಗೆ ಈ ಕೈಯಲ್ಲೇ ಇಟ್ಟಿದ್ದು! ವಾರ್ತೆ ಬರೋ ಹೊತ್ತಿಗೇ ಸರಿಯಾಗಿ ನಿಮ್ಮತ್ತೆ ಪಾತ್ರೆ ಬಡೀತಿದ್ದಳು, ಇನ್ನೇನು ಮಾಡಲಿ? ಸೊಟ್ಟವಂತೆ ಸೊಟ್ಟ!"

ಸಾಹೇಬರು ಕೊಡೆಯನ್ನು ಹಿಡಿಕೆಯಿಂದ ತೂಗುಬಿಟ್ಟು ಗೋಡೆಯ ಪಕ್ಕ ಹಿಡಿದರು. ಗೋಡೆ ಸೊಟ್ಟಗಿತ್ತು. ಅವರ ಮುಖ ಕೆಂಪಾಯಿತು. ಪಾಪ, ಮೋಸ ಹೋದೆನೆಂಬ ಸಿಟ್ಟು ಅದಲ್ಲ. ಸ್ಮಾರಕಕ್ಕಾದ ಅನ್ಯಾಯದ ಸಿಟ್ಟು. "ರೇಡಿಯೋಗೋಸ್ಕರ! ಒಂದು ರೇಡಿಯೋಗೋಸ್ಕರ ಪುರಾತನ ನಿವಾಸವನ್ನ ಎರಡು ತುಂಡು ಮಾಡಿದ್ರಲ್ಲ!" ಅವರು ಸುತ್ತ ನೋಡಿದರು. ಸುತ್ತಿಗೆ ಕಂಡಿತು. "ಯಾರು ನೀವು?"

"ಮೇಸ್ತ್ರಿ, ಸರ್."

"ಮೂಲ ಸ್ವರೂಪಕ್ಕೆ ತನ್ನಿ. ಈಗಲೇ. ಇಲಾಖೆ ಖರ್ಚು."

ಮೊದಲ ಏಟಿಗೆ ಕಾವಲುಗಾರ ಅಭ್ಯಾಸಬಲದಿಂದ ಸೀಟಿ ಊದಿದ. ಸಾಹೇಬರು ದುರುಗುಟ್ಟಿ ನೋಡಿದ ಮೇಲೆ ಇಟ್ಟಿಗೆ ಹೊರಲು ನಿಂತ. ಮಾವನವರ ಕುರ್ಚಿಯನ್ನು ಹಗ್ಗದ ಸಮೇತ ಕಿಟಕಿಯ ಪಕ್ಕಕ್ಕೆ ಎತ್ತಿಟ್ಟರು. ಗೋಡೆ ಗೊಣಗುತ್ತ ಬಿತ್ತು, ಅವರೂ ಗೊಣಗುತ್ತ ಕೂತರು. ಧೂಳು ಇಳಿಯುವ ಹೊತ್ತಿಗೆ ಬಿಸಿಲಿನ ಒಂದು ಪಟ್ಟಿ ಟೈಲಿನ ಹೂವನ್ನು ದಾಟಿ, ಅಡುಗೆಮನೆಯ ನೆಲ ದಾಟಿ ಒಲೆಯ ಕಟ್ಟೆ ಹತ್ತಿತು. ಹೆಂಡತಿ ಒಳಗೆ ಹೋಗಿ ಬಲ್ಬಿನ ಸ್ವಿಚ್ಚು ಆರಿಸಿದಳು. ಆಮೇಲೆ ಅದು ಆರಿದೆಯೋ ಇಲ್ಲವೋ ಎಂದು ಗೊತ್ತಾಗದೆ ಕತ್ತೆತ್ತಿ ನೋಡಿದಳು.

"ಸರ್, ಬೋರ್ಡ್ ಎಲ್ಲಿ ಹೊಡೀಲಿ?" ಎಂದ ಕಾವಲುಗಾರ. ಬೋರ್ಡ್ ಇಟ್ಟಿಗೆ ರಾಶಿಯ ಮೇಲೆ ಅಂಗಾತ ಬಿದ್ದಿತ್ತು.

ಸಾಹೇಬರು ಮನೆಯೆಲ್ಲ ಹುಡುಕಿದರು. ಅತ್ಯಂತ ಹಳೆಯ ಭಾಗದ ಮೇಲೆ ಹೊಡೆಯಬೇಕು. ಹಳೆಯದೆಂದು ತೀರ್ಮಾನವಾಗಿದ್ದ ಗೋಡೆ ಈಗ ಇಲ್ಲ. ಬೋರ್ಡ್ ಇಲ್ಲದ್ದನ್ನು ಸ್ಮಾರಕ ಎನ್ನಲು ನಿಯಮ ಒಪ್ಪುವುದಿಲ್ಲ. ತುಂಬ ಹೊತ್ತು ಯೋಚಿಸಿ, ಅವರು ಅದನ್ನು ತಾವೇ ಕಂಕುಳಲ್ಲಿ ಇರುಕಿಕೊಂಡರು. "ನೀರಿನ ಅರಮನೆಗಾದರೂ ಆಗುತ್ತೆ," ಎಂದು ಕಾವಲುಗಾರನನ್ನು ಕರೆದುಕೊಂಡು ಹೊರಟರು. ಹೋಗುವಾಗ ಹೆಂಡತಿಗೆ ಕೈಮುಗಿದು, "ನೀವು ಈ ಕಸುಬಿಗೆ ಬರಬೇಕಿತ್ತು," ಎಂದರು.

ಮರುದಿನ ಕಾರಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ ಕೂತಿತ್ತು. ಸುದ್ದಿ ಅಷ್ಟರಲ್ಲಿ ಊರು ಸುತ್ತಿತ್ತು. "ಇಲ್ಲೆಲ್ಲೋ ಒಂದು ಪುರಾತನ ಮನೆ ಇದೆಯಂತಲ್ಲ," ಎಂದಳು ಹುಡುಗಿ. "ಬೆಳಗಿನ ಬಿಸಿಲು ಒಲೆ ಮೇಲೆ ಬೀಳುತ್ತಂತೆ. ಮೊದಲು ಅಲ್ಲಿಗೆ ಹೋಗೋಣ."

ಗೈಡ್ ಗಂಟಲು ಸರಿಮಾಡಿಕೊಂಡ. ಭಾವಮೈದ ಕನ್ನಡಿಯಲ್ಲಿ ಕಾದ.

"ಮುಚ್ಚಿದೆ," ಎಂದ ಗೈಡ್.