ಶುಕ್ರವಾರದ ಕಾಯಿ

ಅರಸೀಕೆರೆಯಿಂದ ಕಣಕಟ್ಟೆಗೆ ಹೋಗುವ ರಸ್ತೆಯಲ್ಲಿ ಷಡಕ್ಷರಪ್ಪನವರ ಕೊಬ್ಬರಿ ಪುಡಿ ಕಾರ್ಖಾನೆ ಇತ್ತು. 1998ರಲ್ಲಿ ಅವರು ಎರಡನೇ ಡ್ರೈಯರ್ ತಂದರು. ಅದಕ್ಕೆ ಹಬೆ ಕೊಡಬೇಕಾದ ಹಳೆಯ ಬಾಯ್ಲರ್ ಚದರ ಸೆಂಟಿಮೀಟರಿಗೆ ಏಳು ಕಿಲೋ ಒತ್ತಡದ್ದು. ಎರಡೂ ಡ್ರೈಯರ್ ಓಡಲು ಹತ್ತು ಬೇಕು. ಹೊಸ ಬಾಯ್ಲರ್ ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯದಕ್ಕೇ ಹೆಚ್ಚಿನ ಒತ್ತಡದ ಅನುಮತಿ ಸಿಗಬೇಕು, ಸಿಗದಿದ್ದರೆ ಬಾಗಿಲು ಹಾಕಬೇಕು ಎಂದು ಅವರು ಎಲ್ಲರೆದುರೇ ಹೇಳಿದ್ದರು.

ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಮರಿಯಣ್ಣ. ಅವನ ಹೆಂಡತಿ ಸಣ್ಣತಾಯಮ್ಮ ಅಲ್ಲಿಯೇ ಕಾಯಿಯ ಚಿಪ್ಪು ತೆಗೆಯುತ್ತಿದ್ದಳು. ಅವಳ ತಮ್ಮ ನಿಂಗಯ್ಯ ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿದು ಸತ್ತಿದ್ದ. ಗಂಡ ಅದೇ ಕೆಲಸಕ್ಕೆ ಸೇರಿದಾಗಿನಿಂದ ಪ್ರತಿ ಶುಕ್ರವಾರ, ಉರಿ ಹಾಕುವ ಮುಂಚೆ, ಅವಳು ಬಾಯ್ಲರಿನ ಮುಂಭಾಗಕ್ಕೆ ಕುಂಕುಮವಿಟ್ಟು, ಕಾಯಿ ಒಡೆದು, ನೀರನ್ನು ಅದರ ಮೈಮೇಲೆ ಸುರಿಯುತ್ತಿದ್ದಳು.

"ಅರ್ಧ ನಂಗೂ ಕುಡಿಯಾಕೆ ಕೊಡೇ," ಎಂದು ಮರಿಯಣ್ಣ ರೇಗಿಸುವನು.

"ನೀನೇನು ಸಿಡೀತೀಯ? ಸುಮ್ನಿರು."

ಬೆಂಗಳೂರಿನಿಂದ ಎಂಜಿನಿಯರ್ ಗುರುಮೂರ್ತಿ ಬಂದರು. ಬಾಯ್ಲರಿಗೆ ಸುತ್ತಿದ್ದ ತಗಡನ್ನೂ ಅದರಡಿ ಶಾಖ ತಡೆಯುವ ಹೊದಿಕೆಯನ್ನೂ ಬಿಚ್ಚಿಸಿ, ಮೀಟರ್ ಇಟ್ಟು ಉಕ್ಕಿನ ದಪ್ಪ ಅಳೆಯುತ್ತ ಹೋದರು.

"ಈ ಲೆಕ್ಕದಲ್ಲಿ ಹತ್ತು ಸಿಗಬಹುದು," ಎಂದರು. ಷಡಕ್ಷರಪ್ಪನವರು ಕಾಫಿ ತರಿಸಿದರು.

ಮುಂಭಾಗಕ್ಕೆ ಬಂದಾಗ ಗುರುಮೂರ್ತಿ ನಿಂತರು. ತುಕ್ಕು ಪದರು ಪದರಾಗಿ ಕೈಗೆ ಬಂತು. ಅಲ್ಲಿ ಉಕ್ಕು ಅರ್ಧದಷ್ಟೂ ಉಳಿದಿರಲಿಲ್ಲ. ಸೀಮೆಸುಣ್ಣದಿಂದ ಸುತ್ತು ಹಾಕಿದರು.

"ತಗಡಿನ ಸಂದಿಯಿಂದ ಹೊರಗಿನ ನೀರು ಒಳಗಿಳಿದಿದೆ. ವರ್ಷಗಟ್ಟಲೆ. ಮೇಲೆ ಚಾವಣಿ ಶೀಟು ಸೋರುತ್ತಾ?"

ಶೀಟು ಸೋರುತ್ತಿರಲಿಲ್ಲ. "ಸೋರ್ತೈತೆ ಸಾರ್," ಎಂದ ಮರಿಯಣ್ಣ.

"ತೇಪೆ ಹಾಕೋಕಾಗಲ್ವೇ?" ಷಡಕ್ಷರಪ್ಪನವರು ಕೇಳಿದರು.

"ಇಷ್ಟು ಹಳೇದಕ್ಕೆ, ಇಷ್ಟು ಅಗಲದ ತೇಪೆಗೆ ನಾನು ಸಹಿ ಹಾಕಲ್ಲ. ಹತ್ತು ಹಾಗಿರಲಿ, ಏಳಕ್ಕೂ ಇದು ತಡೆಯಲ್ಲ. ಇನ್ನು ಉರಿ ಹಾಕಬೇಡಿ."

ಕಾರ್ಖಾನೆ ನಿಂತಿತು. ಮನೆಯಲ್ಲಿ ಮರಿಯಣ್ಣ ಹೇಳಿದ್ದು ಒಂದೇ ಮಾತು: "ವಯಸ್ಸಾಗಿತ್ತು ಕಣೇ ಅದಕ್ಕೆ."

ಶುಕ್ರವಾರ ಸಣ್ಣತಾಯಮ್ಮ ಕಾಯಿ ಹಿಡಿದು ಹೊರಟಳು. "ಇಷ್ಟು ವರ್ಷ ಅನ್ನ ಹಾಕೈತೆ. ಕೊನೇದಾಗಿ ಒಂದು ಒಡೆದು ಬತ್ತೀನಿ."

ತಡೆಯಲು ಅವನಿಗೆ ಕಾರಣ ಹೊಳೆಯಲಿಲ್ಲ. ಹಿಂದೆಯೇ ಹೋದ.

ಬಾಯ್ಲರ್ ಬರಿಮೈಯಲ್ಲಿ ನಿಂತಿತ್ತು. ಬಿಚ್ಚಿದ ತಗಡು ಗೋಡೆಗೆ ಒರಗಿತ್ತು. ಅದರ ಮೇಲಿನ ಕುಂಕುಮ ಹಾಗೇ ಇತ್ತು. ಅವಳು ತಗಡು ನೋಡಿದಳು, ಸೀಮೆಸುಣ್ಣದ ಸುತ್ತು ನೋಡಿದಳು. ಒಳಗೆ ಬೆರಳಿಟ್ಟಾಗ ತುಕ್ಕು ಉದುರಿತು.

"ಇದು ನಾನು ನೀರು ಸುರೀತಿದ್ದ ಜಾಗ."

"ಶೀಟು ಸೋರ್ತಿತ್ತು ಕಣೇ."

ಅವಳು ತಲೆಯೆತ್ತಿ ಶೀಟನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದಳು.

"ಆ ಎಂಜಿನಿಯರ್ ಬಂದು ನೋಡ್ದೇ ಇದ್ದಿದ್ರೆ, ಇದು ನಿನ್ ಮೇಲೇ ಸಿಡೀತಿತ್ತಾ?"

ಮರಿಯಣ್ಣ ಅವಳ ಕೈಯಿಂದ ಕಾಯಿ ತೆಗೆದುಕೊಳ್ಳಲು ಹೋದ. ಅವಳು ಬಿಡಲಿಲ್ಲ.