ಹಗ್ಗ ಕಟ್ಟಿದ ಹಿಂಬಾಗಿಲು

"ಈ ವಾಸನಿ ಇನ್ನಾ ಎಲ್ಲಿ ಅಡಗಿ ಕುಂತದ?"

ಅತನೂರಿನ ನಿಜಾಮುದ್ದೀನ ಇದನ್ನು ಯಾರಿಗೂ ಕೇಳಲಿಲ್ಲ. ಅಂಗಳದಲ್ಲಿ ಯಾರೂ ಇರಲಿಲ್ಲ. ತನ್ನ ಬಾಡಿಗೆ ವ್ಯಾನಿನ ಹಿಂದಿನ ಸೀಟಿನ ಕೆಳಗೆ ತಲೆ ತೂರಿಸಿಕೊಂಡೇ ಕೇಳಿದ.

ಹದಿನೈದು ದಿನದ ಹಿಂದೆ ಸೊನ್ನದ ಬ್ಯಾರೇಜಿನಿಂದ ಎರಡು ಬುಟ್ಟಿ ಮೀನು ತಂದಿದ್ದ. ಅಂದಿನಿಂದ ವ್ಯಾನು ಹತ್ತಿದವರೆಲ್ಲ ಮೂಗು ಮುಚ್ಚಿಕೊಂಡು ಮೀನನ್ನೇ ಬೈಯುತ್ತಿದ್ದರು. ಸೋಪಿನ ನೀರು ಹಾಕಿ ತೊಳೆದ, ವಾಸನೆ ಹೋಗಲಿಲ್ಲ. ನಿಂಬೆಹಣ್ಣು ಹಿಂಡಿ ಉಜ್ಜಿದ, ವಾಸನೆ ಹೋಗಲಿಲ್ಲ. ಹೋದ ಗುರುವಾರ ಹೆಂಡತಿ ಅಮೀರುನ್ನಿಸಾ ಒಳಗೆಲ್ಲ ಲೋಬಾನದ ಹೊಗೆ ಹಿಡಿದಳು, ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ಕನ್ನಡಿಗೆ ಸಿಕ್ಕಿಸಿದಳು. ಅರ್ಧ ದಿನ ಘಮಘಮ. ಆಮೇಲೆ ಅದೇ ವಾಸನೆ.

ಬರೀ ವಾಸನೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಹಿಂದೆ ಕೂತವರಿಗೆ ಅಫಜಲಪುರ ಮುಟ್ಟುವಷ್ಟರಲ್ಲಿ ತಲೆನೋವು, ಕೆಲವರಿಗೆ ಓಕರಿಕೆ. ಜೇವರ್ಗಿಯಲ್ಲಿದ್ದ ಮಗಳು ತಬಸ್ಸುಮ ಏಳು ತಿಂಗಳ ಬಸುರಿ. ಶುಕ್ರವಾರ ಅವಳನ್ನು ಇದೇ ವ್ಯಾನಿನಲ್ಲಿ ತವರಿಗೆ ಕರೆತರಬೇಕು. ಎರಡೇ ದಿನ ಉಳಿದಿತ್ತು. ಹುಡುಗಿ ಈ ನಾತದಲ್ಲಿ ಹೇಗೆ ಕೂಡುತ್ತಾಳೆ ಎಂದು ಅಮೀರುನ್ನಿಸಾ ಕೇಳಿ ಕೇಳಿ ಗಂಡನ ತಲೆ ತಿನ್ನುತ್ತಿದ್ದಳು.

ಆಶಾ ಕಾರ್ಯಕರ್ತೆ ಸೀಮಾ ಮನೆಗೆ ಬಂದದ್ದು ಆಗಲೇ. ಸೋಮವಾರ ಇದೇ ವ್ಯಾನಿನಲ್ಲಿ ಹಿಂದೆ ಕೂತು ಮೀಟಿಂಗಿಗೆ ಹೋಗಿದ್ದಳಂತೆ. ತಲೆ ಗಿರ್ರೆಂದಿತು. ಇಳಿದು ಅರ್ಧ ತಾಸು ಗಾಳಿಗೆ ಕೂತ ಮೇಲೆ ಸರಿಹೋಯಿತು. ವಾಪಸು ಹತ್ತಿದಾಗ ಮತ್ತೆ ಅದೇ ಕಥೆ.

ನಿಜಾಮುದ್ದೀನನಿಗೆ ರೇಗಿತು. "ಮೀನಿನ ನಾತಕ್ಕ ತಲಿ ತಿರುಗ್ತದೇನವ್ವ? ದಿನಾ ನಾನೇ ಹೊಡಿತೇನಿ, ನನಗೇನಾಗ್ಯಾದ?"

"ನೀವು ಕಿಟಕ್ಯಾಗ ಮಾರಿ ಇಟ್ಟು ಗಾಳಿ ತಗೋತೀರಿ ಚಾಚಾ. ಒಂದಿನ ಹಿಂದ ಕುಂತು ನೋಡ್ರಿ."

ಹಾಗೆಂದು ವ್ಯಾನಿನೊಳಗೆ ಮೂಸಲು ಹೇಳಿದಳು. ಮೂಸಿದ. ಸೋಪು, ನಿಂಬೆ, ಅತ್ತರು. ಬೇರೇನೂ ಇಲ್ಲ. ಮೀನಿನದೇ ಆಗಿದ್ದರೆ ನಿಂತ ಗಾಡಿಯಲ್ಲೂ ನಾರಬೇಕಿತ್ತಲ್ಲ, ಓಡುವಾಗ ಮಾತ್ರ ಯಾಕೆ ಬರುತ್ತದೆ ಎಂದಳು. ಗೊಣಗುತ್ತಲೇ ಗಾಡಿಯನ್ನು ಅಫಜಲಪುರದ ಮೆಕ್ಯಾನಿಕ್ ಶ್ರೀಮಂತನ ಬಳಿ ಒಯ್ದ. ಸೀಮಾಳೂ ಜೊತೆಗೆ ಹೋದಳು, ಈ ಸಲ ಮುಂದೆ ಕೂತು.

ಶ್ರೀಮಂತ ಮೂಸಲೇ ಇಲ್ಲ. ವಾಸನೆ ಯಾವಾಗ ಬರುತ್ತದೆ, ನಿಂತಾಗಲೋ ಓಡುವಾಗಲೋ, ಹಿಂದಿನ ಬಾಗಿಲು ಮುಚ್ಚಿರುತ್ತದೋ ತೆರೆದಿರುತ್ತದೋ ಎಂದು ಕೇಳುತ್ತಾ ಹೋದ. ಡಾಕ್ಟರು ಕೂಡ ಇಷ್ಟು ಕೇಳುವುದಿಲ್ಲ ಎಂದು ನಿಜಾಮುದ್ದೀನ ಸಿಡುಕಿದ. ಹಿಂದಿನ ಬಾಗಿಲನ್ನು ಪೂರ್ತಿ ಮುಚ್ಚದೆ ತಿಂಗಳಾಗಿತ್ತು. ತೊಗರಿ ಸುಗ್ಗಿ. ಕಾಳು ಕೊಂಡು ಮಾರುವ ಅಡತಿ ಸಾವ್ಕಾರ ಚಂದ್ರಾಮಪ್ಪನ ಚೀಲಗಳು ಹೊರಗೆ ಚಾಚಿಕೊಳ್ಳುತ್ತವೆ. ಅದಕ್ಕೆ ಬಾಗಿಲನ್ನು ಅರ್ಧ ಎತ್ತಿ ಹಗ್ಗ ಕಟ್ಟಿದ್ದ. ನಮ್ಮ ಕಡೆ ಹಾಗೆ ಕಟ್ಟದವರು ಯಾರು?

ಶ್ರೀಮಂತ ನಿಜಾಮುದ್ದೀನನನ್ನೇ ಹಿಂದೆ ಕೂಡಿಸಿ, ಬಾಗಿಲು ಹಾಗೇ ಬಿಟ್ಟು, ಕ್ರಾಸಿನವರೆಗೆ ಹೊಡೆದುಕೊಂಡು ಹೋಗಿಬಂದ. ನಿಜಾಮುದ್ದೀನ ಹಣೆ ಒತ್ತಿಕೊಂಡು ಇಳಿದ. ಬಾಗಿಲು ಮುಚ್ಚಿ ಹೊಡೆದಾಗ ವಾಸನೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಗಾಡಿ ಎತ್ತಿ ನೋಡಿದರೆ ಸೈಲೆನ್ಸರ್ ಪೈಪಿನಲ್ಲಿ ಬೆರಳು ಹೋಗುವಷ್ಟು ತೂತು.

"ಗಾಡಿ ಓಡುವಾಗ ಹೊಗಿ ಹಿಂದ ಸುತ್ತಿ, ತೆರೆದ ಬಾಗಿಲಿಂದ ಒಳಗ ಬರ್ತದ," ಎಂದ ಶ್ರೀಮಂತ. "ನಾರೋದು ಹೊಗಿ. ಅದರಾಗ ಇನ್ನೊಂದು ವಿಷಗಾಳಿ ಅದ, ಅದಕ್ಕ ವಾಸನಿನೇ ಇಲ್ಲ. ಜೀವ ತೆಗಿಯೋದು ಅದು. ವಾಸನಿ ಪಾಪ ಮುಂದ ಬಂದು ಹೇಳಾಕತ್ತಿತ್ತು, ನೀವು ಅದರ ಬಾಯಿಗಿ ಅತ್ತರ ಹಚ್ಚೀರಿ."

ಸೀಮಾ ಮೆಲ್ಲಗೆ ಹೇಳಿದಳು: "ತಾಯಿಗಿಂತ ಹೊಟ್ಯಾಗಿನ ಕೂಸಿಗಿ ಇದು ಜಾಸ್ತಿ ಕೆಟ್ಟ, ಚಾಚಾ."

ನಿಜಾಮುದ್ದೀನ ಅಲ್ಲೇ ಇದ್ದ ಹಳೆಯ ಟೈರಿನ ಮೇಲೆ ಕೂತ. ಆಮೇಲೆ ಪೈಪು ಬದಲಿಸಲು ಹೇಳಿದ.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಗಾಡಿ ನಾರಿದರೆ ವಾಸನೆಯನ್ನು ಮುಚ್ಚುವ ಮೊದಲು ಅದು ಯಾವಾಗ ಬರುತ್ತದೆಂದು ನೋಡಿರಿ. ಎಂಜಿನ್ ಬಂದ್ ಮಾಡಿ ನಿಂತಾಗಲೂ ಬಂದರೆ ಒಳಗೆ ಏನೋ ಚೆಲ್ಲಿದೆ, ಕೊಳೆತಿದೆ, ತೊಳೆಯಿರಿ. ಹೊಗೆಯ ವಾಸನೆ ಬಂದರೆ, ಇಲ್ಲವೇ ವಾಸನೆಯಿಲ್ಲದೆಯೂ ತಲೆ ತಿರುಗಿದರೆ ಆ ಕ್ಷಣವೇ ನಿಲ್ಲಿಸಿ ಇಳಿಯಿರಿ, ಗಾಳಿಗೆ ಬನ್ನಿರಿ, ಸುಧಾರಿಸದಿದ್ದರೆ ದವಾಖಾನೆಗೆ ಹೋಗಿರಿ. ಪೆಟ್ರೋಲಿನ ವಾಸನೆ ಬಂದರೆ ಬೀಡಿಯನ್ನಾಗಲಿ ಲೋಬಾನದ ಕೆಂಡವನ್ನಾಗಲಿ ಹತ್ತಿರ ತರಬೇಡಿರಿ. ವೈರು ಸುಟ್ಟ ವಾಸನೆಗೂ ಗಾಡಿ ನಿಲ್ಲಿಸಲೇಬೇಕು. ಜನರನ್ನು ಕೂಡಿಸಿಕೊಂಡು ಹಿಂಬಾಗಿಲು ತೆರೆದು ಓಡಿಸಬೇಡಿರಿ, ಎರಡು ಮೈಲಿಗೂ ಬೇಡ.

ಶುಕ್ರವಾರ ತಬಸ್ಸುಮ ತಾಯಿಯ ಪಕ್ಕದಲ್ಲಿ ಕೂತು ಜೇವರ್ಗಿಯಿಂದ ಬಂದಳು. ದಾರಿಯುದ್ದಕ್ಕೂ ಅಮೀರುನ್ನಿಸಾ ತಲೆನೋವು ಬಂತೇನು ಎಂದು ಕೇಳುವಳು, ಮಗಳು ಇಲ್ಲವೆನ್ನುವಳು. ಹಣ್ಣಿಗೆಂದು ಅಫಜಲಪುರದ ಬಜಾರದಲ್ಲಿ ನಿಲ್ಲಿಸಿದಾಗ ಚಂದ್ರಾಮಪ್ಪ ಎದುರಾದ. ದನದ ಹಿಂಡಿಯ ಎರಡು ಚೀಲ ಅವನ ಕಾಲ ಬಳಿ ಇದ್ದವು. ಹತ್ತು ವರ್ಷದಲ್ಲಿ ನಿಜಾಮುದ್ದೀನ ಅವನಿಗೆ ಒಮ್ಮೆಯೂ ಇಲ್ಲ ಎಂದವನಲ್ಲ.

"ಎರಡೇ ಚೀಲ, ನಿಜಾಮಭಾಯಿ. ಬಾಗಿಲಿಗಿ ಹಗ್ಗ ಹಾಕಿದ್ರ ಆತು. ಹೆಂಗೂ ಊರಿಗೇ ಹೊಂಟೀದಿ."

ನಿಜಾಮುದ್ದೀನ ಸೀಟಿನ ಕೆಳಗಿನಿಂದ ಹಗ್ಗ ತೆಗೆದು ಅವನ ಕೈಗೆ ಕೊಟ್ಟ.

"ಹಗ್ಗ ನೀವೇ ಇಟ್ಕೋರಿ ಸಾವ್ಕಾರ್ರ. ಬಾಗಿಲ ತೆಗಿಯಂಗಿಲ್ಲ."