ಹತ್ತು ಗಂಟೆಯ ಕಿತ್ತಳೆ

"ಬಲಗೈಯಲ್ಲೇ ಹಿಡೀಬೇಕು! ಎಡಗೈ ಬೆನ್ನ ಹಿಂದೆ!" ಎಂದು ಕೂಗಿ ಒಡ್ರುನ್ ಚೀಲದಿಂದ ಮೊದಲ ಕಿತ್ತಳೆಯನ್ನು ತೆಗೆದು ಎಸೆದಳು.

ಎರಡು ವರ್ಷದಿಂದ ದಿನಾ ಬೆಳಗ್ಗೆ ಹತ್ತಕ್ಕೆ ದ್ವೀಪದ ಮೀನು ಕಾರ್ಖಾನೆಯ ಬೆಲ್ಟು ಹತ್ತು ನಿಮಿಷ ನಿಲ್ಲುತ್ತಿತ್ತು. ರೇಡಿಯೋದಲ್ಲಿ ಅಕಾರ್ಡಿಯನ್ ಸಂಗೀತ ಶುರುವಾಗುತ್ತಿತ್ತು. ಮೀನು ಸೀಳುವ ಹದಿನಾಲ್ಕು ಜನ ಚಾಕು ಕೆಳಗಿಟ್ಟು, ರಬ್ಬರ್ ಬೂಟಿನಲ್ಲೇ ಕತ್ತು ತಿರುಗಿಸಬೇಕು, ತೋಳು ಎತ್ತಬೇಕು, ಮುಷ್ಟಿ ಬಿಗಿದು ಬಿಡಬೇಕು. ಊರಿನವರು ಇದಕ್ಕೆ "ಒಡ್ರುನಕ್ಕನ ಕೋತಿ ಕುಣಿತ" ಎಂದು ಹೆಸರಿಟ್ಟಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅರವತ್ತೊಂದು ವರ್ಷದ ಗುಂಡು ಹೆಂಗಸು. ಕೆಲಸಗಾರರೇ ಓಟು ಹಾಕಿ ಆರು ಸಲ ಸುರಕ್ಷತಾ ಪ್ರತಿನಿಧಿಯಾಗಿ ಆರಿಸಿದ್ದರು. ಎಲ್ಲರ ಎದುರು ನಿಂತು ಹೇಳಿಕೊಡುತ್ತಿದ್ದಳು, ತಾನು ಮಾತ್ರ ಅರ್ಧಂಬರ್ಧ ಮಾಡುತ್ತಿದ್ದಳು.

ಗುನ್ವರ್ ಕೊನೆಯಲ್ಲಿ ನಿಂತಿದ್ದಳು. ಇಡೀ ಸಾಲಿಗೇ ಎತ್ತರದವಳು, ಇಡೀ ದ್ವೀಪಕ್ಕೇ ಚುರುಕು ಕೈಯವಳು. ಹೆಚ್ಚು ಮೀನು ಸೀಳಿದವರ ಹೆಸರು ಹಾಕುವ ಬಾಗಿಲ ಪಕ್ಕದ ಹಲಗೆಯ ಮೇಲೆ ಪ್ರತಿ ಶನಿವಾರ ಮೊದಲು ಬರೆಯುತ್ತಿದ್ದದ್ದು ಅವಳ ಹೆಸರೇ, ಹತ್ತೊಂಬತ್ತು ವರ್ಷದಿಂದ. ಆದರೆ ನವೆಂಬರಿನಿಂದ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರದ ತುಂಡಾಗಿದ್ದವು. ಬೆಳಗ್ಗೆ ಅಂಗಿಯ ಗುಂಡಿ ಹಾಕಲು ಗಂಡನನ್ನು ಕರೆಯಬೇಕಿತ್ತು. ಡಾಕ್ಟರ ಹತ್ತಿರ ಹೋಗಿರಲಿಲ್ಲ. ನೋವು ಎಂದು ಬಾಯಿಬಿಟ್ಟವರು ಆ ದ್ವೀಪದಲ್ಲಿ ಹಗುರಾಗುತ್ತಿದ್ದರು, ಅದು ಅವಳಿಗೆ ಚೆನ್ನಾಗಿ ಗೊತ್ತು. ಚಾಕು ಹೋದರೆ ತನ್ನಲ್ಲಿ ಇನ್ನೇನು ಉಳಿದೀತು ಎಂಬ ಹೆದರಿಕೆ ಬೇರೆ. ಮುಷ್ಟಿ ಬಿಗಿಯುವ ಹೊತ್ತಿಗೆ ಸರಿಯಾಗಿ ಅವಳಿಗೆ ಮೂಗು ಒರೆಸುವ ಕೆಲಸ ಬಂದುಬಿಡುತ್ತಿತ್ತು.

ಆ ದಿನ ಒಡ್ರುನ್ ಮುಷ್ಟಿಯ ಬದಲು ಹಿಡಿಯುವ ಆಟ ತಂದಿದ್ದಳು. ಅವಳು ಎಸೆದ ಮೊದಲ ಕಿತ್ತಳೆ ಗುನ್ವರ್‌ಳ ಅಂಗೈಗೆ ಬಡಿದು, ಬೆರಳುಗಳ ನಡುವೆ ಜಾರಿ, ಮೇಜಿನಡಿಗೆ ಉರುಳಿತು. ಎಲ್ಲರೂ ನಕ್ಕರು. "ಮೀನಿನ ಜಿಡ್ಡು ಕಣ್ರೋ" ಎಂದು ಅವಳೂ ನಕ್ಕಳು. ಒಡ್ರುನ್ ಇನ್ನೊಂದನ್ನು ಮೆಲ್ಲಗೆ ಎಸೆದಳು. ಅದೂ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಒಡ್ರುನ್ ಬಂದು ಅವಳ ಕೈಗವಸು ಕಳಚಿದಳು.

"ಆ ಕಡೆ ನೋಡು. ಹೆಬ್ಬೆರಳು ಚಿವುಟ್ತೀನಿ, ಗೊತ್ತಾದ್ರೆ ಹೇಳು."

"ಗೊತ್ತಾಗ್ತಿದೆ" ಎಂದಳು ಗುನ್ವರ್ ಥಟ್ಟನೆ.

"ನಾನಿನ್ನೂ ಮುಟ್ಟೇ ಇಲ್ಲ ಕಣೇ."

ಅಷ್ಟರಲ್ಲಿ ಹತ್ತು ನಿಮಿಷ ಮುಗಿದು ಬೆಲ್ಟು ಹೊರಟಿತು. ಒಡ್ರುನ್ ಸೀದಾ ಹೋಗಿ ಗೋಡೆಯ ಕೆಂಪು ಗುಂಡಿ ಒತ್ತಿದಳು. ಬೆಲ್ಟು ಮತ್ತೆ ನಿಂತಿತು. ಕಛೇರಿಯಿಂದ ಯಜಮಾನ ಸ್ಟೈನಾರ್ ಓಡಿಬಂದ. ಅದು ಮೀನಿನ ಸುಗ್ಗಿ. ಎರಡು ದೋಣಿಗಳು ತುಂಬಿಕೊಂಡು ದಡದಲ್ಲಿ ಕಾಯುತ್ತಿದ್ದವು.

"ತಲೆ ಕೆಟ್ಟಿದ್ಯೇನಕ್ಕ? ಮೀನು ಕಾಯುತ್ತಾ?"

"ಮೀನು ಸತ್ತಾಗಿದೆ ಸ್ಟೈನಾರ್, ಅದಕ್ಕೇನೂ ಅವಸರ ಇಲ್ಲ. ಇವಳ ಕೈ ಇನ್ನೂ ಪೂರ್ತಿ ಸತ್ತಿಲ್ಲ. ಕೆಲಸ ನಿಲ್ಸೋ ಹಕ್ಕು ನಂಗೆ ಕಾನೂನು ಕೊಟ್ಟಿದೆ, ನಿಲ್ಸಿದೀನಿ. ಬೇಕಾದ್ರೆ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಫೋನ್ ಮಾಡು."

ಗುನ್ವರ್‌ಳ ಮುಖ ಕೆಂಪಾಗಿತ್ತು. "ಎಲ್ಲರ ಮುಂದೆ ನನ್ನ ಮಾನ ಕಳೆದ್ಯಲ್ಲ ಅಕ್ಕ. ನಿಂಗೆ ನಾನೇನು ದ್ರೋಹ ಮಾಡಿದ್ದೆ?"

ಒಡ್ರುನ್ ಜೇಬಿನಿಂದ ದರ್ಜಿಯ ಟೇಪು ತೆಗೆದು ಅವಳ ಮೊಣಕೈಯಿಂದ ಮೇಜಿನವರೆಗೆ ಅಳೆದಳು. ಮೇಜು ಒಂದು ಗೇಣಿಗಿಂತ ಹೆಚ್ಚು ತಗ್ಗಿತ್ತು. ಹತ್ತೊಂಬತ್ತು ವರ್ಷ ಆ ಒಂದು ಗೇಣು ಬಗ್ಗಿ, ಮಣಿಕಟ್ಟು ಸೊಟ್ಟ ಮಾಡಿಕೊಂಡೇ ಅವಳು ಚಾಕು ಆಡಿಸಿದ್ದಳು.

"ಮೇಜಿಗೆ ಯಾಕೆ ದೂರು? ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ನಾನು ಹಾಗನ್ನೋಳಲ್ಲ" ಎಂದು ಗುನ್ವರ್ ಸಿಡುಕಿದಳು.

"ನೆಲ ನಿಜವಾಗ್ಲೂ ಡೊಂಕಿದ್ರೆ ಏನ್ ಮಾಡ್ತೀಯ, ಹೇಳು? ನೀನು ಅಷ್ಟು ಚೆನ್ನಾಗಿ ಕುಣಿದೆಯಲ್ಲ, ಅದಕ್ಕೇ ನಮಗ್ಯಾರಿಗೂ ಕಾಣಲಿಲ್ಲ" ಎಂದಳು ಒಡ್ರುನ್.

ಸ್ಟೈನಾರ್ ಟೇಪನ್ನು ನೋಡಿದ, ಮೇಜನ್ನು ನೋಡಿದ. ಮೀನಿನ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. "ಅಪ್ಪನ ಕಾಲದ ಮೇಜು ಕಣಕ್ಕ. ಅವನು ಕುಳ್ಳ" ಎಂದ. ಆಮೇಲೆ ಟೇಪಿನ ತುದಿ ಹಿಡಿದು, "ಎಷ್ಟು ಎತ್ತರಿಸ್ಬೇಕು ಹೇಳು" ಎಂದ.

ಒಡ್ರುನ್ ಆ ದಿನವೇ ಹದಿನಾಲ್ಕು ಜನರ ಮೊಣಕೈ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಯಾರೂ ಒಂದೇ ಕೆಲಸಕ್ಕೆ ಗಂಟೆಗಿಂತ ಹೆಚ್ಚು ನಿಲ್ಲಕೂಡದೆಂದಾಯಿತು. ಬಾಗಿಲ ಪಕ್ಕದ ಹೆಸರಿನ ಹಲಗೆ ಕೆಳಗಿಳಿಯಿತು. ಗುನ್ವರ್‌ಗೆ ಎಲ್ಲಕ್ಕಿಂತ ಉರಿದದ್ದು ಅದೇ. ಒತ್ತಿಹೋಗಿದ್ದ ನರ ಬಿಡಿಸಲು ಡಾಕ್ಟರು ಮಣಿಕಟ್ಟು ಕೊಯ್ದು ಹೊಲಿದ ಮೇಲೂ ವಾರಗಟ್ಟಲೆ ಅವಳು ಒಡ್ರುನ್ ಜೊತೆ ಮಾತು ಬಿಟ್ಟಿದ್ದಳು.

ಮನೆಯಲ್ಲಿ ಸುಮ್ಮನೆ ಕೂತಾಗ ಅವಳಿಗೆ ಹೊಳೆಯಿತು. ಒಡ್ರುನಕ್ಕ ಯಾಕೆ ಯಾವಾಗಲೂ ನಮ್ಮ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದಳು? ಯಾರ ಭುಜ ಮೇಲೇಳುತ್ತಿಲ್ಲ, ಯಾರ ಕತ್ತು ತಿರುಗುತ್ತಿಲ್ಲ, ಯಾರು ಮೂಗು ಒರೆಸುತ್ತಾರೆ ಎಂದು ಎರಡು ವರ್ಷ ದಿನಕ್ಕೆ ಹತ್ತು ನಿಮಿಷ ನೋಡುತ್ತಿದ್ದಳಲ್ಲ! ಎಂಥ ಹೆಂಗಸಪ್ಪಾ ಇವಳು ಎನಿಸಿ ಗುನ್ವರ್‌ಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು.

ಈಸ್ಟರಿಗೆ ಮುಂಚಿನ ಬುಧವಾರ ಅವಳು ಕೆಲಸಕ್ಕೆ ಬಂದಳು. ಚಾಕು ಇನ್ನೂ ಮುಟ್ಟುವಂತಿಲ್ಲ, ಮೀನು ಆರಿಸುವ ಕೆಲಸ. ಎತ್ತರಿಸಿದ ಮೇಜಿನ ಮುಂದೆ ನೆಟ್ಟಗೆ ನಿಂತಾಗ ಎದುರಿನ ಕಿಟಕಿಯಲ್ಲಿ ಬಂದರು ಕಂಡಿತು. ಅಲ್ಲೊಂದು ಕಿಟಕಿ ಇದೆಯೆಂದು ಅವಳಿಗೆ ಗೊತ್ತಿತ್ತು, ಅಷ್ಟೇ.

ಹತ್ತಕ್ಕೆ ಒಡ್ರುನ್ ಎಲ್ಲರಿಗೂ ಹಬ್ಬದ ಕಿತ್ತಳೆ ಹಂಚಿದಳು. ಗುನ್ವರ್‌ಳದ್ದನ್ನು ಮಾತ್ರ ಮೇಜಿನ ಮೇಲೆ ಇಟ್ಟಳು.

"ಯಾಕಕ್ಕ, ಎಸೆಯೋದಿಲ್ವಾ?"

"ಏನವಸರ? ತಿನ್ನು ಮೊದಲು."

ಗುನ್ವರ್ ಬಲಗೈಯ ಹೆಬ್ಬೆರಳನ್ನು ಸಿಪ್ಪೆಗೆ ಒತ್ತಿದಳು. ಉಗುರು ನಿಧಾನವಾಗಿ ಇಳಿಯಿತು. ಚಳಿಗೆ ಉಗುರಿನ ಬುಡದಲ್ಲಿ ಚರ್ಮ ಸೀಳು ಬಿಟ್ಟಿತ್ತು; ರಸ ಅದರೊಳಗೆ ಹೋಯಿತು. ನವೆಂಬರಿನಿಂದ ಏನೂ ತಿಳಿಯದಿದ್ದ ಆ ಬೆರಳನ್ನೇ ಅವಳು ನೋಡಿದಳು.

"ಅಕ್ಕ" ಎಂದಳು, "ಉರೀತಿದೆ."

ಒಡ್ರುನ್ ಆಚೆ ತಿರುಗಿ, ರೇಡಿಯೋದ ದನಿ ಜೋರು ಮಾಡಿದಳು.